ಪುಟ್ಟತಾಯಮ್ಮನವರ ಹೊಗೆಬಂದೂಕು

ಹಳೆಯ ಬಂದೂಕು ಹಾರಿಸಲು ಕಲಿಸುವ ಕೆಲಸಕ್ಕೆ ಸೇರಬೇಕೆಂದಿರುವವರು ಮೊದಲೇ ತಿಳಿದುಕೊಂಡಿರಲಿ: ಇದರಲ್ಲಿ ಹಾರಿಸುವುದು ಕಡಿಮೆ, ತೊಳೆಯುವುದು ಹೆಚ್ಚು. ಬೆಳಗ್ಗೆ ಹತ್ತು ಗುಂಡು ಹೊಡೆದರೆ ಮಧ್ಯಾಹ್ನದವರೆಗೂ ನಳಿಗೆಗೆ ಬಿಸಿನೀರು ಹುಯ್ಯುತ್ತ, ಚಿಂದಿಬಟ್ಟೆ ತೂರಿಸುತ್ತ, ಇನ್ನೊಂದು ತುದಿಯಿಂದ ಕಪ್ಪು ನೀರು ಇಳಿಯುವುದನ್ನು ನೋಡುತ್ತ ಕೂರಬೇಕು. ನೀರು ತಿಳಿಯಾಗುವವರೆಗೆ ಏಳುವಂತಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಶಾರದಾ ಒಂದು ಭಾನುವಾರ ನನ್ನ ಜೊತೆ ಬಂದು ಇದನ್ನೆಲ್ಲ ನೋಡಿ, "ಎಮ್ಮೆಸ್ಸಿ ಮಾಡಿ ಮುಸುರೆ ತಿಕ್ಕೋ ಕೆಲಸಕ್ಕೆ ಸೇರ್ಕೊಂಡಿದೀರಲ್ರೀ" ಅಂದಳು. ಅದಕ್ಕಿಂತ ನಿಖರವಾಗಿ ನನ್ನ ವೃತ್ತಿಯನ್ನು ಬೇರೆ ಯಾರೂ ವರ್ಣಿಸಿಲ್ಲ.

ಈಗ ನಿವೃತ್ತನಾಗಿ ಲಕ್ಷ್ಮೀಪುರಂನ ಮನೆಯಲ್ಲಿ ಕೂತು ಬರೆಯುವಾಗ ಪಕ್ಕದಲ್ಲಿ ಹಳೆಯ ಡೈರಿಗಳಿವೆ. ಡೈರಿ ಬರೆಯುವವನಿಗೆ ಒಂದು ತಾಪತ್ರಯ. ಬೇರೆಯವರು ನೆನಪಾದದ್ದನ್ನು ಬರೆದು ಹಾಯಾಗಿರುತ್ತಾರೆ. ನಾನು ನೆನಪಾದದ್ದನ್ನು ಡೈರಿಯ ಜೊತೆ ಹೋಲಿಸಿ ಪೆಚ್ಚಾಗುತ್ತೇನೆ. ಉದಾಹರಣೆಗೆ ನನ್ನ ಸಂದರ್ಶನ. ಬೋಗಾದಿಯ ಆಚೆ, ಆಗಿನ್ನೂ ರಾಗಿ ಹೊಲಗಳ ನಡುವೆ ಇದ್ದ ರೈಫಲ್ ಕ್ಲಬ್ಬಿನ ಶೆಡ್ಡಿನಲ್ಲಿ, ಕಾರ್ಯದರ್ಶಿ ಮೇಜರ್ ಉತ್ತಯ್ಯನವರು ಕಾಲ ಮೇಲೆ ಕಾಲು ಹಾಕಿ ಕೂತು, "ಕರಿಮದ್ದು ಸುಟ್ಟರೆ ಏನಾಗುತ್ತದೆ?" ಎಂದು ಕೇಳಿದರು. ನಾನು ರಸಾಯನಶಾಸ್ತ್ರದ ಗತ್ತಿನಲ್ಲಿ ಸಮೀಕರಣ ಶುರುಮಾಡಿದೆ. ಅವರು ಅರ್ಧಕ್ಕೇ ತಡೆದು, "ಕೈ ಕಪ್ಪಾಗುತ್ತದೆ. ಅಷ್ಟು ಗೊತ್ತಿದ್ದರೆ ಸಾಕು, ನಾಳೆ ಬನ್ನಿ" ಅಂದರು. ಈ ಕಥೆಯನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಡೈರಿ ತೆಗೆದರೆ, ಆ ದಿನ ಮೇಜರ್ ಮಡಿಕೇರಿಗೆ ಹೋಗಿದ್ದರು, ನನ್ನನ್ನು ನೋಡಿದ್ದು ಕ್ಲಬ್ಬಿನ ಖಜಾಂಚಿ, ಕೇಳಿದ್ದು "ಸೈಕಲ್ ಇದೆಯಾ?" ಎಂದು. ಹಾಗಾದರೆ ಕೈ ಕಪ್ಪಾಗುವ ಮಾತು ಯಾರದು? ನನ್ನದೇ ಇರಬೇಕು. ಆದರೂ ಮೇಜರ್ ಬಾಯಲ್ಲಿಟ್ಟರೇ ಅದಕ್ಕೆ ಕಳೆ. ಮುಂದಿನದನ್ನೂ ಓದುಗರು ಇದೇ ಎಚ್ಚರದಲ್ಲಿ ಓದಿಕೊಳ್ಳಬೇಕು.

ನಾನು ಹೇಳುತ್ತಿರುವುದು ನಮ್ಮ ಮುತ್ತಾತಂದಿರ ಕಾಲದ ಬಂದೂಕುಗಳ ವಿಷಯ. ಹೊಗೆಯಿಲ್ಲದ ಮದ್ದು ಬರುವುದಕ್ಕೆ ಮುಂಚಿನವು. ಇವಕ್ಕೂ ಹಿಂದಿನವುಗಳಲ್ಲಿ ನಳಿಗೆಯ ಬಾಯಿಂದ ಮದ್ದು ಸುರಿದು ಗಜವೆಂಬ ಸಲಾಕೆಯಿಂದ ಜಡಿಯಬೇಕಿತ್ತು. ಇವುಗಳಲ್ಲಿ ಆ ಪಾಡಿಲ್ಲ. ಕೆಳಗಿರುವ ಸನ್ನೆಕೋಲನ್ನು ಎಳೆದರೆ ಹಿಂಬದಿ ತೆರೆದುಕೊಳ್ಳುತ್ತದೆ. ಹೆಬ್ಬೆರಳಿಗಿಂತ ದಪ್ಪದ ಒಂದೇ ಒಂದು ಹಿತ್ತಾಳೆ ತೋಟಾ ಇಟ್ಟು ಸನ್ನೆ ಮುಚ್ಚಿದರೆ ಸಿದ್ಧ. ಕುದುರೆ, ಅಂದರೆ ಟ್ರಿಗರ್, ಎಳೆದರೆ ಮೊದಲು ಭುಜಕ್ಕೆ ಹೋರಿ ಗುದ್ದಿದ ಹಾಗಾಗುತ್ತದೆ. ಆಮೇಲೆ ಸದ್ದು. ಆಮೇಲೆ ಬಿಳಿ ಹೊಗೆ, ಕಲ್ಯಾಣಮಂಟಪದ ಒಲೆಗೆ ಹಸಿ ಸೌದೆ ಇಟ್ಟ ಹಾಗೆ. ಗುಂಡು ಎಲ್ಲಿ ಬಿತ್ತೆಂದು ಹೊಡೆದವನಿಗೆ ಮಾತ್ರ ಕಾಣುವುದಿಲ್ಲ. ಅವನು ಪಕ್ಕಕ್ಕೆ ಬಾಗಿ, ಹೊಗೆಯ ಆಚೆ ಇಣುಕಿ, "ಬಿತ್ತಾ?" ಎಂದು ಕೇಳುತ್ತಾನೆ. ಬಿತ್ತೋ ಇಲ್ಲವೋ, ಗುಂಡು ಹಾರಿಸುವ ಮೈದಾನದ ಉಸ್ತುವಾರಿಗೆ ನಿಂತ ನನ್ನಂಥ ರೇಂಜ್ ಆಫೀಸರ್ ಆದವನು "ಮೊದಲು ಬಂದೂಕಿನ ಮೂತಿ ಮುಂದಕ್ಕೆ!" ಎಂದು ಕೂಗಬೇಕು. ಹಾಗೆ ಬಾಗುವಾಗಲೇ ಬಂದೂಕು ಪಕ್ಕದವನ ಕಡೆ ತಿರುಗುವುದು. ನನ್ನ ಇಡೀ ವೃತ್ತಿ ಆ ಎರಡು ಮಾತಿನಲ್ಲಿತ್ತು: ಮೂತಿ ಮುಂದಕ್ಕೆ. ನಿದ್ದೆಯಲ್ಲೂ ಕೂಗುತ್ತಿದ್ದೆನಂತೆ. ಇದು ಶಾರದಾಳ ಹೇಳಿಕೆ, ಡೈರಿಯಲ್ಲಿಲ್ಲ.

ಇಂಥ ಬಂದೂಕು ಇಟ್ಟುಕೊಂಡು ಭಾನುವಾರ ಬರುತ್ತಿದ್ದವರಲ್ಲಿ ನಜರ್‌ಬಾದಿನ ಸಿದ್ದೇಗೌಡರು ಒಬ್ಬರು. ಅವರ ತಾತ ಹಳ್ಳಿಯಲ್ಲಿ ಪಟೇಲರು. ಬಂದೂಕು ಅಲ್ಲಿಂದ ಬಂದದ್ದು. ಗೌಡರದು ಶಾಮಿಯಾನ ಮತ್ತು ಪಾತ್ರೆ ಬಾಡಿಗೆಯ ಅಂಗಡಿ. ಗುರಿ ಸುಮಾರು. ಆದರೆ ಅವರ ಬಂದೂಕಿನಷ್ಟು ಶುಭ್ರವಾದ ಬಂದೂಕನ್ನು ನಾನು ನೋಡಿಲ್ಲ. ಕರಿಮದ್ದಿನ ಮಸಿ ಉಪ್ಪಿನಂಥದ್ದು, ಗಾಳಿಯ ತೇವ ಹೀರಿಕೊಂಡು ಒಂದೇ ರಾತ್ರಿಯಲ್ಲಿ ಕಬ್ಬಿಣವನ್ನು ತಿನ್ನುತ್ತದೆ. ಗೌಡರ ನಳಿಗೆಯೊಳಗೆ ಇಣುಕಿದರೆ ಮಾತ್ರ ಹೊಸ ಸ್ಟೀಲ್ ಲೋಟದ ಹೊಳಪು. ಹೊಸಬರಿಗೆಲ್ಲ ನಾನು ಅದನ್ನೇ ತೋರಿಸಿ, "ತೊಳೆಯೋದು ಹೇಗೆ ಅಂತ ಸಿದ್ದೇಗೌಡರನ್ನ ನೋಡಿ ಕಲೀರಿ" ಎನ್ನುತ್ತಿದ್ದೆ. ಗೌಡರು ಮೀಸೆ ತಿರುವಿ, "ಅದೇನ್ ಮಹಾ ಬುಡಿ ಮೇಷ್ಟ್ರೇ, ಮನಸ್ಸಿರ್ಬೇಕು" ಅನ್ನುತ್ತಿದ್ದರು.

ಗೌಡರು ತೀರಿಕೊಂಡ ಕೆಲವು ತಿಂಗಳಿಗೆ ಅವರ ಹೆಂಡತಿ ಪುಟ್ಟತಾಯಮ್ಮ ಕ್ಲಬ್ಬಿಗೆ ಬಂದರು. ಜೊತೆಗೆ ಮಗ ಮಾದೇವ; ಅಂಗಡಿ ಈಗ ಇವರಿಬ್ಬರದು. ಅರುವತ್ತು ದಾಟಿದ ಹೆಂಗಸು, ಗಟ್ಟಿ ಆಳು, ಮದುವೆ ಮನೆಯ ಗದ್ದಲದಲ್ಲಿ ಪಾತ್ರೆ ಎಣಿಸಿ ಎಣಿಸಿ ಪಳಗಿದ ಗಂಟಲು.

"ಮೇಷ್ಟ್ರೇ, ನಮ್ ಯಜಮಾನ್ರ ಕೋವಿ ಠಾಣೇಲಿ ಮಡಗವ್ರೆ. ಅದ್ಕೆ ತೂತು ಹೊಡೀತಾರಂತೆ ಕಣ್ರೀ!"

ವಿಷಯ ಇಷ್ಟು. ವಾರಸುದಾರರು ಬಂದೂಕನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕಾದರೆ, ಸುರಕ್ಷಿತವಾಗಿ ಹಿಡಿಯಲು, ಹಾರಿಸಲು ಬರುತ್ತದೆಂದು ನಮ್ಮ ಕ್ಲಬ್ಬಿನ ಪರೀಕ್ಷೆಯಲ್ಲಿ ಪಾಸಾಗಬೇಕು. ಬೇಡವೆಂದರೆ ನಳಿಗೆ ಕೊರೆಸಿ, ಇನ್ನೆಂದೂ ಗುಂಡು ಹಾರದಂತೆ ಮಾಡಿ, ಗೋಡೆಗೆ ನೇತುಹಾಕಿಕೊಳ್ಳಬಹುದು. ಹೆಚ್ಚಿನ ಮನೆಯವರು ಎರಡನೆಯದಕ್ಕೇ ಒಪ್ಪುತ್ತಾರೆ. ನಾನೂ ಅದನ್ನೇ ಹೇಳಿದೆ.

"ತೂತು ಬಿದ್ದ ಪಾತ್ರೆ ಯಾರಾದ್ರೂ ಮನೇಲ್ ಮಡಿಕ್ಕತಾರಾ? ಪಾತ್ರೆ ಅಂಗ್ಡಿಯೋಳ್ಗೆ ಈ ಮಾತ್ ಯೋಳ್ತಿದ್ದೀರಲ್ಲ!"

"ಮಾದೇವನ ಹೆಸರಿಗೆ ಮಾಡಿಸಬಹುದಲ್ಲಮ್ಮಾ?"

"ನಂಗ್ ಪಟಾಕಿ ಅಂದ್ರೇನೇ ಆಗಲ್ಲ ಸಾರ್" ಎಂದು ಮಾದೇವ ಒಂದು ಹೆಜ್ಜೆ ಹಿಂದೆ ಸರಿದ.

"ಅವ್ನ್ ಬುಡಿ. ಮೇಷ್ಟ್ರೇ, ನಲ್ವತ್ ವರ್ಷ ಪ್ರತಿ ಭಾನ್ವಾರ ಅವ್ರು ಹೊಡ್ಕಂಡ್ ಬಂದ್ರು, ನಾನು ತೊಳ್ದಿವ್ನಿ. ಒಂದ್ ಸತಿನೂ ಹೊಡ್ದಿಲ್ಲ. ಈಗ ನಾನು ಹೊಡೀಬ್ಯಾಡ್ವಾ?"

ಸಿದ್ದೇಗೌಡರನ್ನು ನೋಡಿ ಕಲೀರಿ ಎಂದು ಅಷ್ಟು ವರ್ಷ ಅಷ್ಟು ಜನರಿಗೆ ಹೇಳಿದ್ದೆನಲ್ಲ.

"ಏನ್ ಹಾಕಿ ತೊಳೀತಿದ್ರಿ?"

"ಅಂಟವಾಳದ್ ಬಿಸ್ನೀರು, ಇನ್ನೇನು? ರೇಸ್ಮೆ ಸೀರೆಗೂ ಅದೇ, ಕೋವಿಗೂ ಅದೇ."

ಕ್ಲಬ್ಬಿನಲ್ಲಿದ್ದ ಇಂಥದ್ದೇ ಇನ್ನೊಂದು ಬಂದೂಕಿನಲ್ಲಿ ತರಬೇತಿ ಶುರುವಾಯಿತು. ಬಂದೂಕು ಹಾರಿಸುವವರಿಗೆ ಸಾಮಾನ್ಯವಾಗಿ ಇರುವ ದೋಷಗಳು ಕಣ್ಣು ಮುಚ್ಚುವುದು, ಕುದುರೆಯನ್ನು ಜಗ್ಗುವುದು, ಭುಜದ ಪೆಟ್ಟಿಗೆ ಹೆದರುವುದು. ಪುಟ್ಟತಾಯಮ್ಮನವರಿಗೆ ಇವೊಂದೂ ಇರಲಿಲ್ಲ. ಭುಜದ ಪೆಟ್ಟಿಗೆ ಅವರೇ ಉಪಾಯ ಕಂಡುಕೊಂಡರು: ತಲೆಯ ಮೇಲೆ ಬಿಂದಿಗೆ ಹೊರುವಾಗ ಇಡುವ ಬಟ್ಟೆಯ ಸಿಂಬೆಯನ್ನು ಸೆರಗಿನ ಕೆಳಗೆ ಭುಜಕ್ಕಿಟ್ಟುಕೊಂಡರು. ಈ ಬಂದೂಕುಗಳಿಗೆ ನಾಲ್ಕಾರು ಗುಂಡಿಗೊಮ್ಮೆ ಹಿಂಬದಿ ತೆರೆದು ಕೊಳವೆಯಿಂದ ಉಸಿರು ಊದಬೇಕಾಗುತ್ತದೆ. ಉಸಿರಿನ ತೇವಕ್ಕೆ ಒಳಗಿನ ಮಸಿ ಮೆತ್ತಗಾಗುತ್ತದೆ. ನಾವು ಅದಕ್ಕೆ ಪ್ಲಾಸ್ಟಿಕ್ ಪೈಪ್ ಕತ್ತರಿಸಿ ಇಟ್ಟುಕೊಂಡಿದ್ದೆವು. ಅವರು ಅದನ್ನು ನೋಡಿ ನಕ್ಕು, ಮಾರನೆಯ ವಾರ ಒಲೆಯ ಊದುಗೊಳವೆ ತಂದರು. ಅಳತೆ ಮಾಡಿಸಿದಂತೆ ಕೂತಿತು.

ದೋಷ ಬೇರೆ ಇತ್ತು. ಪುಟ್ಟತಾಯಮ್ಮನವರಿಗೆ ಕೈ ಆಡಿಸದೆ ಮಾತಾಡಲು ಬರುತ್ತಿರಲಿಲ್ಲ. ಮಾತಾಡದೆ ಇರಲೂ ಬರುತ್ತಿರಲಿಲ್ಲ.

ಮೊದಲ ದಿನ ಖಾಲಿ ಬಂದೂಕು ಕೊಟ್ಟು ನಿಲ್ಲಿಸಿದ್ದೆ. ಸಾಲಿನಲ್ಲಿ ಇನ್ನೂ ಕೆಲವರಿದ್ದರು: ಒಬ್ಬ ಹಲ್ಲಿನ ಡಾಕ್ಟರು, ಇಬ್ಬರು ನಿವೃತ್ತ ಎಂಜಿನಿಯರುಗಳು. ಡಾಕ್ಟರು, "ಅಮ್ಮಾ, ನಿಮ್ಮ ಅಂಗಡಿ ಎಲ್ಲಿ?" ಎಂದು ಕೇಳಿದ್ದೇ ತಪ್ಪಾಯಿತು. ಅವರು "ನಜರ್‌ಬಾದ್‌ನಲ್ ಕಣಪ್ಪಾ, ಇಂಗ್ ಓಗಿ, ಇಂಗ್ ತಿರಿಕ್ಕಂಡ್ರೆ..." ಎಂದು ಬಂದೂಕಿನಲ್ಲೇ ದಾರಿ ತೋರಿಸಿದರು. ದಾರಿಯುದ್ದಕ್ಕೂ ಜನ ಮಲಗಿದರು. ಮೇಜರ್ ಉತ್ತಯ್ಯನವರು ಮಲಗಲಿಲ್ಲ. ನಿಂತಲ್ಲೇ ನಿಂತು, ಪ್ರತಿ ಪದವನ್ನೂ ತೂಗಿ, "ಮಿಸ್ಟರ್ ನಾಗಭೂಷಣ, ಪರೀಕ್ಷೆಯ ದಿನ ಆ ಮೂತಿ ಒಂದೇ ಒಂದು ಸಲ ಪಕ್ಕಕ್ಕೆ ಬಂದರೆ ಫೇಲ್. ಎರಡನೇ ಅವಕಾಶ ಇಲ್ಲ. ಬಂದೂಕು ಕೊರೆಯಲು ಕಳಿಸಿ" ಎಂದರು.

ಮೇಜರ್ ಕಟ್ಟುನಿಟ್ಟಿನ ಮನುಷ್ಯ. ಕೆಟ್ಟವರಲ್ಲ. ಕೊಡಗಿನ ತೋಟದ ಮನೆಯವರು, ಹಾಲು ಸಕ್ಕರೆ ಎರಡೂ ಇಲ್ಲದ ಕಪ್ಪು ಕಾಫಿಯನ್ನು ದಿನವಿಡೀ ಕುಡಿಯುತ್ತಿದ್ದರು. ಕಾಫಿ ಇಲ್ಲದ ಮೇಜರ್ ಹೇಗಿರುತ್ತಾರೆಂದು ನೋಡಲು ಯಾರೂ ಬಯಸುತ್ತಿರಲಿಲ್ಲವಾದ್ದರಿಂದ, ಫ್ಲಾಸ್ಕ್ ತುಂಬಿಸಿಡುವುದು ರೇಂಜ್ ಆಫೀಸರನ ಅಲಿಖಿತ ಕರ್ತವ್ಯಗಳಲ್ಲಿ ಒಂದಾಗಿತ್ತು.

ನಾನು ಪುಟ್ಟತಾಯಮ್ಮನವರಿಗೆ ಮನೆಪಾಠ ಕೊಟ್ಟೆ. ಶಾಮಿಯಾನದ ಒಂದು ಬಿದಿರಿನ ಗಳು ಹಿಡಿದು, ಅದರ ತುದಿ ಅಂಗಡಿಯ ಹಿಂಗೋಡೆಯ ಕ್ಯಾಲೆಂಡರಿನ ಕಡೆಗೇ ಇರುವಂತೆ ನಿಂತು, ಬಂದವರ ಜೊತೆ ಮಾತಾಡಬೇಕು. ತಲೆ ತಿರುಗಿಸಿದರೆ ಕೈಯೂ ತಿರುಗುತ್ತದೆ. ಆದ್ದರಿಂದ ತಲೆಯನ್ನೂ ತಿರುಗಿಸಕೂಡದು. ಎರಡು ವಾರದಲ್ಲಿ ಮಾದೇವನ ಫೋನು ಬಂತು.

"ಸಾರ್, ನಮ್ಮವ್ವ ಗಿರಾಕಿ ಮಖಾನೇ ನೋಡ್ತಿಲ್ಲ. ಕ್ಯಾಲೆಂಡರ್ ನೋಡ್ಕಂಡ್ ಮಾತಾಡ್ತದೆ. ಕೈಲ್ ಗಳು ಬೇರೆ."

"ಗಿರಾಕಿಗಳು ಏನಂತಾರೆ?"

"ಏನಂದಾರು? ಯಾರೂ ಚೌಕಾಶೀನೇ ಮಾಡ್ತಿಲ್ಲ ಸಾರ್."

ಗುಂಡು ಹಾಕಿ ಹೊಡೆಯುವ ಅಭ್ಯಾಸದ ಮೊದಲ ದಿನ ಇನ್ನೊಂದು ಫಜೀತಿ. ರಾಗಿ ಹೊಲಗಳಿದ್ದ ಕಡೆ ಈಗ ಬಡಾವಣೆಗಳು ಎದ್ದಿವೆ. ನಮ್ಮ ಮಣ್ಣಿನ ದಿಬ್ಬ ಎತ್ತರವಾಗಿರುವುದರಿಂದ ಗುಂಡಿನ ಭಯವಿಲ್ಲ, ಆದರೆ ಹೊಗೆಗೆ ದಿಬ್ಬದ ಲೆಕ್ಕವಿಲ್ಲ. ಆ ದಿನ ಗಾಳಿ ಸತ್ತುಹೋಗಿತ್ತು. ಪುಟ್ಟತಾಯಮ್ಮ ಉತ್ಸಾಹದಲ್ಲಿ ಒಂದರ ಹಿಂದೊಂದು ಹೊಡೆದರು. ಹೊಗೆ ಮೋಡದಂತೆ ಎದ್ದು, ಸ್ವಲ್ಪ ಯೋಚನೆ ಮಾಡಿ, ಪಕ್ಕದ ಹುಡುಗಿಯರ ಪಿ.ಜಿ. ಕಟ್ಟಡದ ಒಳಗೆ ಹೋಯಿತು. ಕರಿಮದ್ದಿನ ಹೊಗೆಗೆ ಕೊಳೆತ ಮೊಟ್ಟೆಯ ವಾಸನೆ. ಬಾಲ್ಕನಿಯಿಂದ ಯಾರೋ, "ಅಂಕಲ್, ಏನ್ ಸುಡ್ತಿದೀರಾ?" ಎಂದು ಕೂಗಿದರು. ಇನ್ಯಾರೋ ಕೂಗುವ ಗೋಜಿಗೆ ಹೋಗದೆ ಫೋನು ಮಾಡಿದರು. ಗಂಟೆ ಬಾರಿಸುತ್ತ ಅಗ್ನಿಶಾಮಕದ ಗಾಡಿ ಬಂತು.

"ಬೆಂಕಿ ಎಲ್ರೀ?" ಎಂದರು ಮುಂದೆ ಇಳಿದವರು.

"ಬೆಂಕಿ ಇಲ್ಲ, ಬರೀ ಹೊಗೆ" ಎಂದೆ.

"ಬೆಂಕಿ ಇಲ್ದೆ ಹೊಗೆ ಹೆಂಗ್ರೀ ಬರತ್ತೆ? ಓದಿರೋರ ಥರ ಕಾಣ್ತೀರ."

ಪುಟ್ಟತಾಯಮ್ಮ ಬಂದೂಕನ್ನು ಮೇಜಿನ ಮೇಲೆ ಕ್ರಮವಾಗಿ ಇಟ್ಟು, ಎರಡೂ ಕೈ ಬಿಡುವಾದ ಸಂತೋಷದಲ್ಲಿ ಇಡೀ ಕಥೆಯನ್ನು ತಾತ ಪಟೇಲರಿಂದ ಹಿಡಿದು ವಿವರಿಸಿದರು. ಕೊನೆಗೆ ಅಗ್ನಿಶಾಮಕದವರು ಟೋಪಿ ತೆಗೆದು, "ನಮ್ದೊಂದ್ ಕಾರ್ಯ ಅದೆ ಮುಂದಿನ್ ತಿಂಗ್ಳು. ನಿಮ್ಮಲ್ಲಿ ಅನ್ನ ಮಾಡೋ ದೊಡ್ಡ್ ಕೊಳದಪ್ಪಲೆ ಸಿಗ್ತದಾ?" ಎಂದು ಕೇಳಿದರು.

ಇನ್ನೊಂದು ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಈಗಿನವರು ಯಂತ್ರಗಳನ್ನು ಹೆಚ್ಚು ನಂಬುತ್ತಾರಾದ್ದರಿಂದ ಉಪಯೋಗಕ್ಕೆ ಬರಬಹುದು. ನಾನು ಸೇರಿದಾಗ ಗುರಿ ಎಂದರೆ ರಟ್ಟಿಗೆ ಅಂಟಿಸಿದ ಕಾಗದ. ಹೊಡೆದ ಮೇಲೆ ಕೆಂಪು ಬಾವುಟ ಹಾರಿಸಿ ನಡೆದು ಹೋಗಿ ನೋಡುವುದು. ಮೇಜರ್ ಎಲೆಕ್ಟ್ರಾನಿಕ್ ಗುರಿ ತರಿಸಿದರು. ಗುಂಡು ಎಲ್ಲಿ ತಾಗಿತೆಂದು ಅದು ಕೂತಲ್ಲೇ ಪರದೆಯ ಮೇಲೆ ತೋರಿಸಬೇಕು. ತೆಳ್ಳಗಿನ ಹೊಸ ಗುಂಡುಗಳನ್ನು ಚೆನ್ನಾಗಿಯೇ ತೋರಿಸುತ್ತಿತ್ತು. "ಪರೀಕ್ಷೆಯನ್ನು ಇದರಲ್ಲೇ ಮಾಡೋಣ, ಯಾರೂ ಪಕ್ಷಪಾತ ಅನ್ನಬಾರದು" ಎಂದರು ಮೇಜರ್. ಹಳೆಯ ಬಂದೂಕಿನ ಸೀಸದ ಗುಂಡು ನೆಲ್ಲಿಕಾಯಿ ಗಾತ್ರ ಎಂದು ನಾನು ಹೇಳಿದೆ. ಅಥವಾ ಹೇಳಬೇಕೆಂದುಕೊಂಡೆ, ಡೈರಿ ಇಲ್ಲಿ ಸ್ಪಷ್ಟವಿಲ್ಲ. ಅಭ್ಯಾಸಕ್ಕೆಂದು ಪುಟ್ಟತಾಯಮ್ಮ ಒಂದು ಹೊಡೆದರು. ಹೊಗೆ ಕರಗಿತು. ಪರದೆ ಕಪ್ಪಾಗಿತ್ತು. ಮೇಜರ್ ಅದನ್ನು ಬೆರಳಿನಿಂದ ತಟ್ಟಿದರು, ಆಫ್ ಮಾಡಿ ಆನ್ ಮಾಡಿದರು. ಆಮೇಲೆ ನಾವು ಹಳೆಯ ಪದ್ಧತಿಯಂತೆ ಬಾವುಟ ಹಾರಿಸಿ ನಡೆದು ಹೋದೆವು. ಗುಂಡು ಗುರಿಯ ಚೌಕಟ್ಟಿನ ಒಂದು ಮೂಲೆಯನ್ನು, ಅದರ ಯಂತ್ರದ ಸಮೇತ, ದಿಬ್ಬದೊಳಗೆ ತೆಗೆದುಕೊಂಡು ಹೋಗಿತ್ತು.

"ತಾಗ್ತಾ?" ಎಂದು ಪುಟ್ಟತಾಯಮ್ಮ ಹಿಂದಿನಿಂದ ಕೂಗಿದರು.

"ತಾಗಿದೆ" ಎಂದರು ಮೇಜರ್, ಉಳಿದ ಮೂರು ಮೂಲೆಗಳನ್ನು ನೋಡುತ್ತ. ಪರೀಕ್ಷೆ ಕಾಗದದ ಗುರಿಯಲ್ಲೇ ಎಂದು ತೀರ್ಮಾನವಾಯಿತು.

ಪರೀಕ್ಷೆಯ ದಿನ ಬಂತು. ನೋಡಲು ಪೊಲೀಸ್ ಇಲಾಖೆಯಿಂದ ಒಬ್ಬ ಇನ್ಸ್‌ಪೆಕ್ಟರ್ ಬಂದಿದ್ದರು, ಚಿಕ್ಕ ವಯಸ್ಸಿನವರು, ಮೃದು ಮಾತು. ಠಾಣೆಯಿಂದ ಬಂದೂಕು ತಂದದ್ದೂ ಅವರೇ. ಫೇಲಾದರೆ ವಾಪಸು ಒಯ್ದು ಕೊರೆಯಲು ಕಳಿಸಬೇಕಾದವರೂ ಅವರೇ. ಪುಟ್ಟತಾಯಮ್ಮ ಹೊಸ ಇಳಕಲ್ ಸೀರೆ ಉಟ್ಟು, ಚಾಮುಂಡಿಬೆಟ್ಟದ ಕುಂಕುಮವನ್ನು ತಾವೂ ಇಟ್ಟುಕೊಂಡು ಬಂದೂಕಿನ ಮರಕ್ಕೂ ಇಟ್ಟರು. ಮಾದೇವ ಅಂಗಡಿಯಿಂದ ಎರಡು ಸ್ಟೀಲ್ ಫ್ಲಾಸ್ಕ್ ತಂದಿದ್ದ, ಮದುವೆಗೆ ಬಾಡಿಗೆಗೆ ಕೊಡುವಂಥವು. ಎರಡೂ ಒಂದೇ ಅಳತೆ, ಎರಡರ ಮೇಲೂ ಕೆಂಪು ಬಣ್ಣದಲ್ಲಿ ಅಂಗಡಿಯ ಗುರುತು. ಒಂದರಲ್ಲಿ ಮೇಜರ್‌ಗೆ ಕಪ್ಪು ಕಾಫಿ. ಇನ್ನೊಂದರಲ್ಲಿ, ಪರೀಕ್ಷೆಯ ಕೊನೆಯ ಭಾಗವಾದ ತೊಳೆಯುವುದಕ್ಕೆ, ಬಿಸಿಬಿಸಿ ಅಂಟುವಾಳದ ನೀರು. ಅಂಟುವಾಳದ ನೀರು ನೋಡಿದವರಿಗೆ ಗೊತ್ತಿರುತ್ತದೆ: ಅದೂ ಕಂದು ಬಣ್ಣ, ಬಗ್ಗಿಸಿದರೆ ಮೇಲೆ ನೊರೆ.

ಪರೀಕ್ಷೆಗೆ ಐದು ಗುಂಡು. ಸಾಲಿನ ಹತ್ತಿರ ಪುಟ್ಟತಾಯಮ್ಮನವರ ಪಕ್ಕ ನಾನು, ಹಿಂದೆ ಇನ್ಸ್‌ಪೆಕ್ಟರ್, ಅವರ ಹಿಂದೆ ಮೇಜಿನ ಬಳಿ ಮೇಜರ್, ಇನ್ನೂ ಹಿಂದೆ, ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಮಾದೇವ. ಯಾರೂ ಅವರನ್ನು ಮಾತಾಡಿಸಕೂಡದೆಂದು ನಾನು ಮೊದಲೇ ಎಲ್ಲರನ್ನೂ ಕಾಲಿಗೆ ಬೀಳುವಷ್ಟು ಬೇಡಿಕೊಂಡಿದ್ದೆ. ಮೊದಲ ಗುಂಡು ಹೋಯಿತು. ಹೊಗೆ. ಅವರು ಬಾಗಲಿಲ್ಲ, ಇಣುಕಲಿಲ್ಲ, ಬಿತ್ತಾ ಎಂದು ಕೇಳಲಿಲ್ಲ. ಎರಡನೆಯದು, ಮೂರನೆಯದು. ಊದುಗೊಳವೆ ಹಾಕಿ ಊದಿದರು. ನಾಲ್ಕನೆಯ ತೋಟಾ ಇಟ್ಟು, ಗುರಿ ಹಿಡಿದು, ಕುದುರೆ ಎಳೆದರು.

ಟಿಕ್ ಅಂದಿತು. ಅಷ್ಟೇ.

ಹೊಸಬರಿಗಾಗಿ ಹೇಳುತ್ತೇನೆ, ನಮ್ಮ ಕೆಲಸದಲ್ಲಿ ಇದಕ್ಕಿಂತ ಅಪಾಯದ ಗಳಿಗೆ ಇಲ್ಲ. ಮದ್ದು ಸತ್ತಿದೆಯೋ, ಒಳಗೇ ಹೊಗೆಯಾಡುತ್ತ ತಡವಾಗಿ ಹೊತ್ತಿಕೊಳ್ಳಲಿದೆಯೋ ಗೊತ್ತಾಗುವುದಿಲ್ಲ. ಬಂದೂಕನ್ನು ಗುರಿಯ ಕಡೆಗೇ ಹಿಡಿದು, ಮಿಸುಕದೆ, ಅರ್ಧ ನಿಮಿಷ ಕಾಯಬೇಕು. ಮನುಷ್ಯ ಸಹಜವಾಗಿ ಮಾಡುವುದು ಇದರ ವಿರುದ್ಧ: "ಯಾಕೋ ಹಾರಲಿಲ್ಲವಲ್ಲ" ಎಂದು ತಿರುಗಿ ತೋರಿಸುತ್ತಾನೆ.

"ಹಾಗೇ ಇರಿ" ಎಂದೆ ಮೆಲ್ಲಗೆ.

ಮೇಜರ್‌ಗೆ ಆತಂಕವಾದರೆ ಕಾಫಿ ಬೇಕು. ಫ್ಲಾಸ್ಕಿನಿಂದ ಬಗ್ಗಿಸುವ ಸದ್ದು ಹಿಂದಿನಿಂದ ಬಂತು. ಮಿಲಿಟರಿಯವರು ಗುಟುಕರಿಸುವುದಿಲ್ಲ, ಒಂದೇ ಸಲ ಲೋಟ ಎತ್ತುತ್ತಾರೆ. ಮರುಕ್ಷಣ ಕೇಳಿದ್ದನ್ನು ಅಕ್ಷರದಲ್ಲಿ ಬರೆಯುವುದು ಕಷ್ಟ. "ಥೂ" ಇತ್ತು, "ಅಯ್ಯಯ್ಯೋ" ಇತ್ತು, ಕೊಡವ ಭಾಷೆಯಲ್ಲಿ ಏನೋ ಇತ್ತು, ಮೇಜು ಉರುಳಿದ್ದು ಇತ್ತು. ಇನ್ಸ್‌ಪೆಕ್ಟರ್ ತಿರುಗಿದರು. ಕಿವಿಯಲ್ಲಿ ಹತ್ತಿಯಿದ್ದ ಮಾದೇವನೂ ಬೆಚ್ಚಿ, "ಹಾವಾ ಸಾರ್?" ಎಂದು ಓಡಿಬಂದ. ನಾನೂ ತಿರುಗಿದೆ. ಮೇಜರ್ ಬಾಯಿಂದ, ಮೂಗಿನಿಂದ, ಮೀಸೆಯಿಂದ ನೊರೆ ಉಕ್ಕುತ್ತಿತ್ತು.

ಆಗ ನೆನಪಾಯಿತು, ನನ್ನ ಬೆನ್ನ ಹಿಂದೆ ಗುಂಡು ತುಂಬಿದ, ಹಾರದ ಬಂದೂಕೊಂದು ಪುಟ್ಟತಾಯಮ್ಮನವರ ಕೈಯಲ್ಲಿದೆ ಎಂದು. ತಟ್ಟನೆ ಮತ್ತೆ ಈ ಕಡೆ ತಿರುಗಿದೆ.

ಅವರು ನೆಟ್ಟ ಕಂಬದಂತೆ ನಿಂತಿದ್ದರು. ಮೂತಿ ಗುರಿಯ ಕಡೆ, ಕಣ್ಣು ಗುರಿಯ ಮೇಲೆ, ಕೈ ಕಲ್ಲು. ಬಾಯಿ ಮಾತ್ರ ನಡೆಯುತ್ತಿತ್ತು, ಗುರಿಯ ಕಾಗದವನ್ನು ಉದ್ದೇಶಿಸಿ.

"ಏನಾಯ್ತು ಮೇಷ್ಟ್ರೇ? ಯಾರ್ ಬಿದ್ದೋದ್ರು? ಯೋಳ್ರೀ, ನಾನ್ ತಿರ್ಗಂಗಿಲ್ಲ."

"ಮೇಜರ್ ಸಾಹೇಬ್ರು ಅಂಟುವಾಳದ ನೀರು ಕುಡಿದ್ಬಿಟ್ರು."

"ಎಷ್ಟು?"

"ಒಂದು ಲೋಟ."

"ನೊರೆ ಬತ್ತಾ ಅದಾ?"

"ಬರ್ತಿದೆ."

"ಅಂಗಿದ್ರೆ ವಳೀಕ್ ಓಗಿಲ್ಲ ಬುಡಿ. ಬಾಯ್ ಮುಕ್ಕಳಿಸೋಕ್ ಯೋಳಿ. ಸಾರ್ರೇ, ನುಂಗ್ಬೇಡಿ!" ಇದಿಷ್ಟನ್ನೂ ಕಾಗದಕ್ಕೇ ಹೇಳಿದರು. ಭುಜಗಳು ನಗುವಿನಿಂದ ಸಣ್ಣಗೆ ಅಲುಗುತ್ತಿದ್ದವು. ಮೂತಿ ಅಲುಗಲಿಲ್ಲ.

ಅರ್ಧ ನಿಮಿಷ ಕಳೆಯಿತು. ಅವರು ಸನ್ನೆ ಎಳೆದು, ಕೆಟ್ಟ ತೋಟಾ ತೆಗೆದು ಪಕ್ಕಕ್ಕಿಟ್ಟು, ಬೇರೆ ಹಾಕಿ ಹೊಡೆದರು. ಆಮೇಲೆ ಐದನೆಯದು. ಬಂದೂಕು ತೆರೆದು, ಖಾಲಿ ಎಂದು ನನಗೆ ತೋರಿಸಿ, ಮೇಜು ಉರುಳಿದ್ದರಿಂದ ನೆಲದ ಚಾಪೆಯ ಮೇಲಿಟ್ಟರು. ಆಮೇಲೆಯೇ ತಿರುಗಿ ಮೇಜರ್ ಮುಖ ನೋಡಿದ್ದು. ನೋಡಿ, ಎರಡೂ ಕೈ ಎತ್ತಿ, "ಅಯ್ಯೋ ನಮ್ಮವ್ವ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಇನ್ಸ್‌ಪೆಕ್ಟರ್ ಮೇಜರ್ ಕಡೆ ನೋಡಿದರು. ನಾನು ನೆಲ ನೋಡಿದೆ. ಮೇಜರ್ ಕರ್ಚೀಫಿನಿಂದ ಮೀಸೆ ಒರೆಸಿಕೊಂಡರು. ಒರೆಸಿದಷ್ಟೂ ನೊರೆ ಹೆಚ್ಚಾಯಿತು.

"ಇನ್ಸ್‌ಪೆಕ್ಟರ್, ನೀವು ತಿರುಗಿದಿರಿ" ಎಂದರು. "ಮಿಸ್ಟರ್ ನಾಗಭೂಷಣ, ಇಷ್ಟು ವರ್ಷದ ಅನುಭವ, ನೀವೂ ತಿರುಗಿದಿರಿ. ನಾನಂತೂ ಉರುಳಿಯೇ ಹೋದೆ. ಆಯಮ್ಮ ತಿರುಗಲಿಲ್ಲ." ಒಂದು ಸಣ್ಣ ಗುಳ್ಳೆ ಅವರ ಮೂಗಿನ ತುದಿಯಿಂದ ಹಾರಿತು. "ಪಾಸ್."

ತೊಳೆಯುವುದು ಬಾಕಿಯಿತ್ತು. ಉಳಿದ ಫ್ಲಾಸ್ಕ್ ತೆರೆದರೆ ಘಮ್ಮೆಂದು ಕಾಫಿ. ಬೇರೆ ಬಿಸಿನೀರಿರಲಿಲ್ಲ. ಪುಟ್ಟತಾಯಮ್ಮ ಒಂದು ಕ್ಷಣ ಯೋಚಿಸಿ, "ಹಾಲಿಲ್ಲ, ಸಕ್ರೆ ಇಲ್ಲ. ಬಿಸಿ ಅದೆಯಲ್ಲ, ಸಾಕು" ಎಂದು ಅದನ್ನೇ ನಳಿಗೆಗೆ ಹುಯ್ದರು. ತಮ್ಮ ತೋಟದ ಪುಡಿಯ ಕಾಫಿ ಬಂದೂಕಿನ ಬಾಯಿಂದ ಕಪ್ಪಾಗಿ ಸುರಿಯುವುದನ್ನು ಮೇಜರ್ ನೋಡುತ್ತ ನಿಂತರು. ನಳಿಗೆ ಎಂದಿನಂತೆ ಹೊಳೆಯಿತು.

ಫ್ಲಾಸ್ಕುಗಳು ಅದಲುಬದಲಾದದ್ದು ಹೇಗೆ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಮೇಜರ್ ಪ್ರಕಾರ ನಾನು ಕೈಗೆ ಕೊಟ್ಟದ್ದು. ನನ್ನ ನೆನಪಿನ ಪ್ರಕಾರ ಅವರೇ ತೆಗೆದುಕೊಂಡದ್ದು, ನಾನು ಸಾಲಿನಲ್ಲಿದ್ದೆನಲ್ಲ. ಮಾದೇವನ ಪ್ರಕಾರ ಎರಡರಲ್ಲೂ ಕಾಫಿಯೇ ಇತ್ತು, ಮೇಜರ್ ಹೊಟ್ಟೆ ಸರಿಯಿರಲಿಲ್ಲ. ಡೈರಿಯಲ್ಲಿ ಆ ದಿನ ಬರೆದಿರುವುದು ಇಷ್ಟೇ: "ಪು.ತಾ. ಪಾಸ್. ಮೇಜರ್ ನೊರೆ." ಒಮ್ಮೆ ಪುಟ್ಟತಾಯಮ್ಮನವರನ್ನೇ ನೇರವಾಗಿ ಕೇಳಿದೆ. "ನಮ್ ಫ್ಲಾಸ್ಕ್ ಗುರ್ತು ನಮ್ಗ್ ಗೊತ್ತಿರಲ್ವಾ ಮೇಷ್ಟ್ರೇ?" ಎಂದು ಕೈ ಬೀಸಿ ಒಳಗೆ ಹೋದರು. ಅದಕ್ಕೆ ಏನರ್ಥವೋ ನನಗೆ ತಿಳಿಯದು. ತಿಳಿಯುವ ಅಗತ್ಯವೂ ಈಗಿಲ್ಲ.

ಅವರು ಪ್ರತಿ ಭಾನುವಾರ ಬರತೊಡಗಿದರು. ಆಟೋದಿಂದ ಇಳಿಯುವಾಗಲೇ ಮಾತು, ಕೈ ಎರಡೂ ಶುರು. ಅಕ್ಕಪಕ್ಕದವರ ಕಾಫಿ ಚೆಲ್ಲದ ವಾರವಿಲ್ಲ. ಬಂದೂಕು ಕೈಗೆ ಬಂದರೆ ಕಲ್ಲು. "ನಮ್ಮವ್ವ ಸುಮ್ನೆ ನಿಂತಿರೋದ್ ನೋಡ್ಬೇಕು ಅಂದ್ರೆ ಇಲ್ಲಿಗೇ ಬರ್ಬೇಕು ಸಾರ್" ಎನ್ನುತ್ತಿದ್ದ ಮಾದೇವ, ಹತ್ತಿ ತುರುಕಿಕೊಳ್ಳುತ್ತ. ಹೊಸಬರಿಗೆ ನಾನು ಹೇಳುವ ಮಾತೂ ಸ್ವಲ್ಪ ಬದಲಾಯಿತು: "ಪುಟ್ಟತಾಯಮ್ಮನವರನ್ನ ನೋಡಿ ಕಲೀರಿ." ಅವರು ಸೆರಗು ಸರಿಮಾಡಿಕೊಂಡು, "ಅದೇನ್ ಮಹಾ ಬುಡಿ, ಮನಸ್ಸಿರ್ಬೇಕು" ಅನ್ನುತ್ತಿದ್ದರು. ಆ ಮಾತನ್ನು ನಾನು ಎಲ್ಲಿ ಕೇಳಿದ್ದೆ ಎಂದು ಅವರಿಗೆ ಹೇಳಲಿಲ್ಲ.

ನಾನು ನಿವೃತ್ತನಾದ ದಿನ ಕ್ಲಬ್ಬಿನವರು ಶಾಲು ಹೊದಿಸಿ, ಮೈಸೂರು ಪೇಟ ಇಟ್ಟು, ಹಾರ ಹಾಕಿದರು. ಮೇಜರ್ ಚಿಕ್ಕ ಭಾಷಣ ಮಾಡಿದರು. ನನ್ನ ಸಂದರ್ಶನದಲ್ಲಿ ತಾವು ಕೇಳಿದ ಕರಿಮದ್ದಿನ ಪ್ರಶ್ನೆಯನ್ನು ಎಲ್ಲರಿಗೂ ವಿವರಿಸಿದರು. ಕೇಳಿ ಕೇಳಿ ಅವರಿಗೂ ನೆನಪಾಗಿಬಿಟ್ಟಿತ್ತು. ಆಮೇಲೆ ಪುಟ್ಟತಾಯಮ್ಮ ತಮ್ಮ ಬಂದೂಕನ್ನು ತಂದು, "ಮೇಷ್ಟ್ರೇ, ನಮ್ ಯಜಮಾನ್ರು ಇದನ್ ಯಾರ್ ಕೈಗೂ ಕೊಟ್ಟೋರಲ್ಲ. ನೀವ್ ಇವತ್ತು ಒಂದ್ ಹೊಡೀರಿ" ಎಂದರು.

ಹೊಡೆದೆ. ತೂತು ಬೀಳದ ಆ ನಳಿಗೆಯಿಂದ ಗುಂಡು ಹೊರಟ ಪೆಟ್ಟು ಭುಜಕ್ಕೆ ಬಿತ್ತು. ಪೇಟ ಕಣ್ಣಿನ ಮೇಲೆ ಜಾರಿತು. ಹೊಗೆ, ಕೊಳೆತ ಮೊಟ್ಟೆಯ ಆ ಪರಿಚಿತ ವಾಸನೆ. ಎಲ್ಲರಿಗೂ ಏನೋ ಒಂದು ಮಾತು ಹೇಳಬೇಕೆನಿಸಿ, ಹಾರ, ಶಾಲು, ಬಂದೂಕು ಸಮೇತ ಜನರ ಕಡೆ ತಿರುಗಿದೆ.

"ಮೂತಿ ಮುಂದಕ್ಕೆ, ಮೇಷ್ಟ್ರೇ!"

ಕಲ್ಯಾಣಮಂಟಪಗಳಲ್ಲಿ ಪಳಗಿದ ಗಂಟಲು ಅದು. ಪಿ.ಜಿ. ಬಾಲ್ಕನಿಗೆ ಹುಡುಗಿಯರು ಓಡಿಬಂದರು. ಪೇಟ ಮೇಲಕ್ಕೆತ್ತಿ ನೋಡಿದರೆ ಖುರ್ಚಿಗಳೆಲ್ಲ ಖಾಲಿ. ಹಲ್ಲಿನ ಡಾಕ್ಟರು, ಎಂಜಿನಿಯರುಗಳು, ಶಾರದಾ ಸಮೇತ ಎಲ್ಲರೂ ನೆಲದ ಮೇಲೆ. ಈ ಸಲ ಮೇಜರ್ ಕೂಡ ಮಲಗಿದ್ದರು. ನಿಂತಿದ್ದವರು ಪುಟ್ಟತಾಯಮ್ಮ ಒಬ್ಬರೇ, ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು.

ಆ ದಿನದ ಡೈರಿಯ ಪುಟದಲ್ಲಿ ಶಾಲಿನ ಬಣ್ಣ ಇದೆ, ಊಟದ ವಿವರ ಇದೆ. ಇದನ್ನು ನಾನು ಬರೆದುಕೊಂಡಿಲ್ಲ. ಬರೆಯದ್ದು ನಡೆದಿಲ್ಲ ಎಂದು ವಾದಿಸಲು ನನಗೆ ಅವಕಾಶವಿದೆ. ಆದರೆ ಈಗಲೂ ನಜರ್‌ಬಾದಿನ ಅಂಗಡಿಯ ಮುಂದೆ ಹಾದುಹೋದಾಗೆಲ್ಲ, ಪುಟ್ಟತಾಯಮ್ಮ ಒಳಗಿನಿಂದ ಗಿರಾಕಿಗಳ ತಲೆಯ ಮೇಲಿನಿಂದ ಅದೇ ಎರಡು ಮಾತು ಕೂಗುತ್ತಾರೆ. ಕೈಯಲ್ಲಿ ತರಕಾರಿ ಚೀಲ ಬಿಟ್ಟರೆ ಏನೂ ಇಲ್ಲದಿದ್ದರೂ ನಾನು ಮುಂದಕ್ಕೆ ನೋಡಿಕೊಂಡು ನಡೆಯುತ್ತೇನೆ.